ಕೊಸರು

ನಮ್ಮವ್ವ ಒಂದು ಅನ್ನುತ್ತಿರಲಿಲ್ಲ.
ಮಂಡಕ್ಕಿ ಅಳೆಯುವಾಗ ಮೊದಲ ಸೇರಿಗೆ 'ಲಾಭ',
ಆಮೇಲೆ ಎರಡು, ಮೂರು, ನಾಲ್ಕು,
ಕೊನೆಗೆ ಗಿರಾಕಿಯ ಚೀಲದ ಬಾಯಿಗೆ ಒಂದು ಬೊಗಸೆ ಕೊಸರು.
ದಾವಣಗೆರೆ ಹಳೇಪೇಟೆಯ ಆ ಕಟ್ಟೆಯ ಮೇಲೆ ಕೂತೇ
ನಾನು ಎಣಿಸಲು ಕಲಿತದ್ದು.

ನರ್ಸಿಂಗ್ ಸ್ಕೂಲಿನಲ್ಲಿ ನಕ್ಕರು.
ಒಂದು ಅನ್ನಮ್ಮಾ ಹಾಲಮ್ಮ, ಒಂದು ಅನ್ನು,
ಇದು ಸಂತೆಯಲ್ಲ, ಥಿಯೇಟರು.
ಅಂದೆ. ಇಪ್ಪತ್ತೆರಡು ವರ್ಷ ಅಂದೆ.
ಸೂಜಿ, ಕತ್ತರಿ, ನೀಲಿ ದಾರ ಹೊಲಿದ ಮಾಪುಬಟ್ಟೆ,
ಹೊಟ್ಟೆ ತೆರೆಯುವ ಮುಂಚೆ ಒಮ್ಮೆ, ಮುಚ್ಚುವ ಮುಂಚೆ ಒಮ್ಮೆ.
ಸಣ್ಣ ನರ್ಸಿಂಗ್ ಹೋಮು,
ಕೊಡುವವಳೂ ನಾನೇ, ಎಣಿಸುವವಳೂ ನಾನೇ.

ಅವತ್ತು ರಾತ್ರಿ ಮೂರನೇ ಸಿಜೇರಿಯನ್ನು.
ಕರೆಂಟು ಹೋಗಿ, ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು.
ಖುತೇಜಾಬಿ, ಇಪ್ಪತ್ತಾರು, ಭಟ್ಟಿ ಕೆಲಸ,
ಮುಂಗೈಯ ರೋಮವೆಲ್ಲ ಬೆಂಕಿಗೆ ಸುಟ್ಟು ನುಣುಪು.
ಮಗು ಬೇಗ ಅತ್ತಿತು. ರಕ್ತ ಬೇಗ ನಿಲ್ಲಲಿಲ್ಲ.
ಡಾಕ್ಟರು ಕೈ ಚಾಚಿದರು, ಕೊಟ್ಟೆ,
ಮತ್ತೆ ಚಾಚಿದರು, ಕೊಟ್ಟೆ.
ನೆಂದ ಬಟ್ಟೆಯೂ ಒಡಲೂ ಒಂದೇ ಬಣ್ಣ,
ನೋಡದವರಿಗೆ ಹೇಗೆ ಹೇಳಲಿ.

ಕೌಂಟ್, ಸಿಸ್ಟರ್?
ಆಯಾ ನೆಲಕ್ಕೆ ಸಾಲಾಗಿ ಹಾಸಿದಳು, ಎಣಿಸಿದೆ.
ಹತ್ತು ಸಾರ್. ಸರಿ ಇದೆ ಸಾರ್.
ಸುಳ್ಳು ಹೇಳಲಿಲ್ಲ. ಹತ್ತೇ ಇದ್ದವು.
ರಿಜಿಸ್ಟರಿನಲ್ಲಿ ಇವತ್ತಿಗೂ ಇದೆ, ಹತ್ತಕ್ಕೆ ಹತ್ತು,
ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಚಹಾ ಲೋಟದ ಅರ್ಧ ಉಂಗುರ.

ಹದಿನಾಲ್ಕು ತಿಂಗಳು ಅವಳು ಹೊಟ್ಟೆ ಹಿಡಿದುಕೊಂಡು ತಿರುಗಿದಳು.
ಗ್ಯಾಸು ಅಂದರು. ಬಾಣಂತಿ ಸೊಂಟ ಅಂದರು.
ಅತ್ತೆ ಓಮಿನ ಕಷಾಯ ಕುಡಿಸಿ ತಾಯಿತ ಕಟ್ಟಿದಳು.
ಗಂಡ, ಕೆಲಸಗಳ್ಳಿ, ಅಂದ.
ಕೊನೆಗೆ ಬೇರೆ ಆಸ್ಪತ್ರೆಯ ಟ್ರೇಯಲ್ಲಿ ಅದು,
ಕರುಳಿಗೆ ಅಂಟಿ ಮನೆ ಮಾಡಿಕೊಂಡಿದ್ದ ಗೇಣುದ್ದದ ಬಟ್ಟೆ.
ದಾರ ಮಾತ್ರ ಇನ್ನೂ ನೀಲಿ.

ಕಟ್ಟಿನಲ್ಲಿ ಹನ್ನೊಂದಿತ್ತು.
ಆ ಸಂಜೆ ಕಟ್ಟು ಕಟ್ಟಿದ್ದು ಯಾರು ಅಂತ ಯಾರೂ ಕೇಳಲಿಲ್ಲ.
ಡಾಕ್ಟರು ಲಕೋಟೆ ಕಳಿಸಿದರು,
ಅವಳ ಗಂಡ ಹೆಬ್ಬೆಟ್ಟು ಒತ್ತಿದ, ಮುಗಿಯಿತು.

ಕಟ್ಟಿದ್ದು ನಾನು.
ಅವ್ವನ ತಿಥಿಯ ಊಟ ಬಡಿಸಿ ನೇರ ಡ್ಯೂಟಿಗೆ ಬಂದಿದ್ದೆ.
ಆಟೋಕ್ಲೇವಿನ ಉಗಿಯ ಪಕ್ಕ ಒಬ್ಬಳೇ
ಬಿಳಿ ಬಟ್ಟೆ ಮಡಚುತ್ತ ಮಡಚುತ್ತ
ಬಾಯಿಗೆ 'ಲಾಭ' ಬಂದಿರಬಹುದು.
ಬಂದು, ಛೇ, ಇದು ಸಂತೆಯಲ್ಲ ಅಂತ
ಮೊದಲಿನದನ್ನು ತೆಗೆಯದೆಯೇ
ಮತ್ತೆ ಒಂದರಿಂದ ಶುರು ಮಾಡಿರಬಹುದು.
ಇರಬಹುದು. ನೆನಪಿಲ್ಲ.
ಅದನ್ನೇ ದಿನಾ ಎಣಿಸುತ್ತೇನೆ.

ಕಳೆದ ಶನಿವಾರ ಭಟ್ಟಿಗಳ ಬೀದಿಗೆ ಹೋದೆ.
ಯಾಕೆ ಹೋದೆನೋ. ಮಂಡಕ್ಕಿ ನಮ್ಮ ಓಣಿಯಲ್ಲೂ ಸಿಗುತ್ತದೆ.
ಭತ್ತದ ಹೊಟ್ಟಿನ ಹೊಗೆ, ಕಾದ ಮರಳಿನ ವಾಸನೆ,
ಬಾಗಿಲಲ್ಲಿ ಅವಳೇ. ಗುರುತು ಹಿಡಿದಳು.
ಬೆನ್ನಿಗೆ ಸೂಜಿ ಕೊಡುವಾಗ ನನ್ನ ಕೈ ಹಿಡಿದಿದ್ದಿರಲ್ಲ, ಅಂದಳು.
ಅವಳ ಹುಡುಗಿ ಚೀಲಗಳ ಮೇಲೆ ಹತ್ತಿ ಜಾರುತ್ತಿತ್ತು.

ಅಳೆದಳು. ಲಾಭ. ಎರಡು. ಮೂರು.
ಬಾಯಿ ತೆರೆದೆ. ಹೊಗೆಗೆ ಕೆಮ್ಮು ಬಂತು.
ಚೀಲ ಕಟ್ಟುವ ಮುಂಚೆ ಮತ್ತೆ ಬಗ್ಗಿದಳು,
ಎಡಗೈ ಹೊಟ್ಟೆಗೆ ಒತ್ತಿಕೊಂಡು
ಬಲಗೈ ತುಂಬ ಮೊಗೆದು ಸುರಿದಳು.
ಸಾಕಮ್ಮ, ಬೇಡ, ಅಂದೆ.
ಇರಲಿ ತಗೊಳ್ಳಿ, ಇದು ಲೆಕ್ಕಕ್ಕಿಲ್ಲ.

ಆಮೇಲೆ ಚಿಲ್ಲರೆಯನ್ನು ನನ್ನ ಅಂಗೈಗಿಟ್ಟು,
ಎಣಿಸಿಕೊಳ್ಳಿ ಸಿಸ್ಟರ್, ಅಂದಳು.